ಎಸ್‌ಎಸ್‌ಪಿನಾ ಎನ್‌ಎಸ್‌ಪಿನಾ? ಎರಡನ್ನೂ ನಮ್ಮನೇಲೇ ನೋಡಿದ್ಮೇಲೆ ಹೇಳ್ತಿದೀನಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾದ್ರೆ ಸಾಕು, ನೆಂಟರಲ್ಲಿ ಯಾರಾದ್ರೂ ಫೋನ್ ಮಾಡಿ ಇದೇ ಪ್ರಶ್ನೆ ಕೇಳ್ತಾರೆ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಗೆ ಹಾಕೋದಾ ಕೇಂದ್ರದ ಪೋರ್ಟಲ್ ಎನ್‌ಎಸ್‌ಪಿಗೆ ಹಾಕೋದಾ ಅಂತ. ಎರಡಕ್ಕೂ ಹಾಕ್ಬಿಡು ಯಾವ್ದು ಬರತ್ತೋ ಬರ್ಲಿ ಅನ್ನೋರೇ ಜಾಸ್ತಿ. ಆ ಸಲಹೆ ಮಾತ್ರ ಕೇಳ್ಬೇಡಿ. ಎನ್‌ಎಸ್‌ಪಿಲಿ ಪಿಯುಸಿ ಮಾರ್ಕ್ಸ್ ಮೇಲೆ ಕೊಡೋ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಇದ್ಯಲ್ಲ, ಈಗ ಪಿಎಂ ಯುಎಸ್‌ಪಿ ಅಂತಾರೆ, ಅದರ ನಿಯಮದಲ್ಲೇ ಇದೆ, ಬೇರೆ ಯಾವ ಸ್ಕಾಲರ್‌ಶಿಪ್ ತಗೊಳ್ತಿದ್ರೂ, ರಾಜ್ಯ ಸರ್ಕಾರದ್ದೂ ಸೇರಿ, ಇದಕ್ಕೆ ಅರ್ಹತೆ ಇಲ್ಲ ಅಂತ. ಹಾಗಾಗಿ ಅರ್ಜಿ ಹಾಕೋಕೆ ಮುಂಚೆನೇ ಒಂದನ್ನ ಆರಿಸ್ಕೊಳ್ಬೇಕು.

ನಾನು 2021ರಲ್ಲಿ ಬಿಎಸ್ಸಿ ಸೇರ್ದಾಗ ಎಸ್‌ಎಸ್‌ಪಿ ಆರಿಸ್ಕೊಂಡೆ, ನನ್ನ ತಮ್ಮ ಬಿಇ ಸೇರಿದಾಗ ಎನ್‌ಎಸ್‌ಪಿ ಆರಿಸ್ಕೊಂಡ. ಅವನ ಅರ್ಜಿ ಕೂಡ ಕೂತು ಹಾಕಿದ್ದು ನಾನೇ. ಒಂದೇ ಮನೆ, ಒಬ್ರೇ ಅಪ್ಪ ಅಮ್ಮ, ಆದ್ರೂ ಇಬ್ಬರಿಗೂ ಬೇರೆ ಬೇರೆ ದಾರಿ ಸರಿ ಅನ್ನಿಸ್ತು. ಯಾಕೆ ಅಂತ ಹೇಳ್ತೀನಿ. ಇಲ್ಲಿ ಹೇಳೋ ಮೊತ್ತಗಳೆಲ್ಲ ನಾವು ಅರ್ಜಿ ಹಾಕ್ದಾಗಿನವು, ನೀವು ಹಾಕೋ ವರ್ಷದ ಆದೇಶ ಒಂದ್ಸಲ ನೋಡ್ಕೊಳ್ಳಿ.

ನನ್ನ ಲೆಕ್ಕ ಹೀಗಿತ್ತು. ಅಪ್ಪಂಗೆ ಸ್ವಲ್ಪ ಜಮೀನಿದೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಮಾಡ್ಸಿದ್ರು, ಅದರಿಂದ ರೈತರ ಮಕ್ಕಳಿಗೆ ಕೊಡೋ ರೈತ ವಿದ್ಯಾನಿಧಿ ಸಿಗ್ತಿತ್ತು. 2021ರಲ್ಲಿ ಬೊಮ್ಮಾಯಿ ಸರ್ಕಾರ ಶುರು ಮಾಡಿದ್ದು ಅದು, ಬಿಎ ಬಿಎಸ್ಸಿ ಬಿಕಾಂ ಓದೋ ಹುಡುಗೀರಿಗೆ ವರ್ಷಕ್ಕೆ 5500, ಹುಡುಗರಿಗೆ 5000. ಜಿಲ್ಲಾ ಕೇಂದ್ರದಲ್ಲಿ ಓದೋಕೆ ಹಾಸ್ಟೆಲ್ ಸಿಗದೆ ರೂಮ್ ಮಾಡ್ಕೊಂಡಿದ್ದೆ, ಹಿಂದುಳಿದ ವರ್ಗದೋರಿಗೆ ಅಂಥ ಟೈಮಲ್ಲಿ ಊಟ ವಸತಿಗೆ ಅಂತ ವಿದ್ಯಾಸಿರಿ ಇದೆ, ತಿಂಗಳಿಗೆ 1500ರಂತೆ 10 ತಿಂಗಳಿಗೆ 15000. ಇದರ ಜೊತೆ ಶುಲ್ಕ ವಿನಾಯಿತಿ. ಆಗ ನಮ್ಮ ಆದಾಯ ಪ್ರಮಾಣ ಪತ್ರ ಹಳೇದು, ರಾಜ್ಯದ ಮಿತಿ ಒಳಗಿತ್ತು. ಎಲ್ಲಾ ಸೇರಿಸಿದ್ರೆ 20 ಸಾವಿರ ದಾಟ್ತಿತ್ತು, ಎನ್‌ಎಸ್‌ಪಿಲಿ ಬಂದಿದ್ರೆ ಅದಕ್ಕಿಂತ ತುಂಬಾ ಕಡಿಮೆ. ಹಾಗಾಗಿ ಜಾಸ್ತಿ ಯೋಚನೆ ಮಾಡ್ಲಿಲ್ಲ.

ತಮ್ಮನ ಟೈಮಿಗೆ ಪರಿಸ್ಥಿತಿ ಬದಲಾಗಿತ್ತು. ಆದಾಯ ಪತ್ರ 5 ವರ್ಷದ ಅವಧಿ ಮುಗಿದು ನಾಡಕಚೇರೀಲಿ ಹೊಸದು ಮಾಡ್ಸಿದಾಗ ಅಮ್ಮನ ದುಡಿಮೆನೂ ಸೇರಿ ಆದಾಯ ಏರಿತು, ರಾಜ್ಯದ ಹಿಂದುಳಿದ ವರ್ಗಗಳ ಇಲಾಖೆ ಮಿತಿ ದಾಟಿತು. ಕೇಂದ್ರದ್ದಕ್ಕೆ ನಾಲ್ಕೂವರೆ ಲಕ್ಷದವರೆಗೂ ಬಿಡ್ತಾರೆ, ಈ ಒಂದು ವ್ಯತ್ಯಾಸ ನಮ್ಮಂಥ ಮನೆಗಳಿಗೆ ದೊಡ್ಡದು. ವಿದ್ಯಾಸಿರಿ ಹೋಯ್ತು, ಶುಲ್ಕ ವಿನಾಯಿತಿ ಹೋಯ್ತು, ಅವನಿಗೆ ರಾಜ್ಯದಲ್ಲಿ ಉಳಿದಿದ್ದು ರೈತ ವಿದ್ಯಾನಿಧಿ ಒಂದೇ, ಬಿಇ ಹುಡುಗರಿಗೆ ವರ್ಷಕ್ಕೆ 10000. ಎನ್‌ಎಸ್‌ಪಿಲಿ ಮೊದಲ ಮೂರು ವರ್ಷ 12000, ಇಂಜಿನಿಯರಿಂಗ್ ನಾಲ್ಕನೇ ವರ್ಷ 20000. ನಾಲ್ಕು ವರ್ಷಕ್ಕೆ ಆ ಕಡೆ 40000, ಈ ಕಡೆ 56000. ಅವನ ಪಿಯುಸಿ ಮಾರ್ಕ್ಸೂ ಚೆನ್ನಾಗಿತ್ತು, ಬೋರ್ಡಿನ 80ನೇ ಪರ್ಸೆಂಟೈಲ್ ಮೇಲೆ ಇರ್ಬೇಕು ಅಂತ ನಿಯಮ. 80 ಪರ್ಸೆಂಟ್ ಬಂದಿದ್ರೆ ಸಾಕು ಅಂದ್ಕೊಳ್ಬೇಡಿ, ಅದು ಬೇರೆ ಇದು ಬೇರೆ, ನಿಮಗಿಂತ ಕಡಿಮೆ ತಗೊಂಡೋರು ನೂರಕ್ಕೆ 80 ಜನ ಇರ್ಬೇಕು ಅಂತ ಅರ್ಥ. ಅಷ್ಟಿದ್ರೂ ಗ್ಯಾರಂಟಿ ಅಲ್ಲ, ಇಡೀ ದೇಶದಲ್ಲಿ ವರ್ಷಕ್ಕೆ ಹೊಸದಾಗಿ ಕೊಡೋದು 82000 ಜನಕ್ಕೆ ಮಾತ್ರ, ಅದನ್ನ ರಾಜ್ಯವಾರು ಹಂಚಿ ಸೈನ್ಸ್ ಕಾಮರ್ಸ್ ಆರ್ಟ್ಸ್‌ಗೆ 3:2:1 ಅಂತ ಭಾಗ ಮಾಡ್ತಾರೆ, ಅರ್ಧ ಹುಡುಗೀರಿಗೆ ಮೀಸಲು.

ಇನ್ನು ಅರ್ಜಿ ಹಾಕೋ ಕೆಲಸ. ಎಸ್‌ಎಸ್‌ಪಿಲಿ ಒಂದು ಫಾರಂ ತುಂಬಿದ್ರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಹೀಗೆ ಯಾವುದಕ್ಕೆ ಹೋಗ್ಬೇಕೋ ಅದಕ್ಕೆ ಹೋಗತ್ತೆ, ಅದು ನಿಜವಾಗ್ಲೂ ಒಳ್ಳೇ ವ್ಯವಸ್ಥೆ. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದ ತಕ್ಷಣ ಹೆಸರು ಮೊತ್ತ ಎಲ್ಲ ತಾನೇ ಬರತ್ತೆ, ಸ್ಕ್ಯಾನ್ ಮಾಡಿ ಏರಿಸೋ ಗೋಜಿಲ್ಲ. ತಲೆನೋವು ಇರೋದು ಇ-ದೃಢೀಕರಣದಲ್ಲಿ, ಅದೇ ಎಲ್ಲರೂ ಇ-ಅಟೆಸ್ಟೇಶನ್ ಅಂತಾರಲ್ಲ ಅದು. ಅದಕ್ಕೆ ಬೇರೇನೇ ಲಾಗಿನ್, ಅಲ್ಲಿ ಫೀಸ್ ರಸೀದಿ, ಸ್ಟಡಿ ಸರ್ಟಿಫಿಕೇಟ್ ಇಂಥವನ್ನ ಅಪ್‌ಲೋಡ್ ಮಾಡ್ಬೇಕು, ಆಮೇಲೆ ಒರಿಜಿನಲ್ ಹಿಡ್ಕೊಂಡು ಕಾಲೇಜಲ್ಲಿ ಆ ಜವಾಬ್ದಾರಿ ಇರೋರ ಹತ್ರ ಹೋಗ್ಬೇಕು, ಅವ್ರು ಅವರ ಲಾಗಿನ್ನಲ್ಲಿ ಒಪ್ಪಿದ ಮೇಲೆ ಒಂದು ನಂಬರ್ ಬರತ್ತೆ, ಆ ನಂಬರನ್ನ ತಂದು ಎಸ್‌ಎಸ್‌ಪಿ ಫಾರಂನಲ್ಲಿ ಹಾಕ್ಬೇಕು. ಕೊನೇ ದಿನಾಂಕ ಹತ್ರ ಬಂದಾಗ ಆ ಮೇಷ್ಟ್ರ ಟೇಬಲ್ ಮುಂದೆ ಇಡೀ ಕ್ಲಾಸ್ ನಿಂತಿರತ್ತೆ, ಪಾಪ ಅವ್ರಿಗೆ ಪಾಠನೂ ಇರತ್ತೆ. ಅಡ್ಮಿಷನ್ ಆದ ವಾರದಲ್ಲೇ ಈ ಕೆಲಸ ಮುಗಿಸ್ಕೊಳ್ಳಿ, ಫಾರಂ ಆಮೇಲೆ ನಿಧಾನಕ್ಕೆ ತುಂಬಬಹುದು.

ಎನ್‌ಎಸ್‌ಪಿಲಿ ಫಾರಂ ಚಿಕ್ಕದು. ಮೊದಲು ಒಟಿಆರ್, ಅಂದ್ರೆ ಒಂದೇ ಸಲ ಮಾಡೋ ನೋಂದಣಿ ಮಾಡ್ಕೊಳ್ಬೇಕು, ಆಧಾರ್ ಜೊತೆ ಮುಖ ತೋರ್ಸಿ ದೃಢೀಕರಿಸೋದು, ಮೊಬೈಲಲ್ಲೇ ಆಗತ್ತೆ, ಬೆಳಕು ಮುಖದ ಮೇಲೆ ಬೀಳೋ ಹಾಗೆ ಕೂತ್ರೆ ಸಾಕು. ಎಡವೋದು ಹೆಸರಲ್ಲಿ. ತಮ್ಮಂಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಹೆಸರಿನ ಹಿಂದೆ ಇತ್ತು, ಆಧಾರಲ್ಲಿ ಅಪ್ಪನ ಪೂರ್ತಿ ಹೆಸರೇ ಮುಂದೆ ಬಂದಿತ್ತು. ಆಧಾರ್ ತಿದ್ದಿಸಿದ ಮೇಲೇನೇ ನಾವು ಮುಂದುವರಿದಿದ್ದು.

ಸಬ್ಮಿಟ್ ಆದ್ಮೇಲೆ ಎರಡರ ಸ್ವಭಾವ ಪೂರ್ತಿ ಬೇರೆ, ನನ್ನ ಪ್ರಕಾರ ನಿಜವಾಗಿ ಹೋಲಿಸ್ಬೇಕಾಗಿರೋದು ಇಲ್ಲೇ. ಎನ್‌ಎಸ್‌ಪಿಲಿ ಲಾಗಿನ್ ಆದ್ರೆ ಅರ್ಜಿ ಈಗ ಯಾರ ಹತ್ರ ಕೂತಿದೆ ಅಂತ ಸ್ಪಷ್ಟವಾಗಿ ಕಾಣತ್ತೆ. ಮೊದಲು ಕಾಲೇಜಿನ ನೋಡಲ್ ಅಧಿಕಾರಿ, ಅಂದ್ರೆ ಅಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡ್ಕೊಳ್ಳೋರು ಒಪ್ಪಬೇಕು, ಆಮೇಲೆ ಮೇಲಿನ ಹಂತ. ತಪ್ಪಿದ್ರೆ ಡಿಫೆಕ್ಟ್ ಅಂತ ವಾಪಸ್ ಬರತ್ತೆ, ತಿದ್ದಿ ಕಳಿಸಬಹುದು. ಆದ್ರೆ ಕಾಲೇಜಿನೋರು ಅವರ ಕೊನೇ ದಿನಾಂಕದೊಳಗೆ ಒಪ್ಪಲಿಲ್ಲ ಅಂದ್ರೆ ಆ ವರ್ಷದ ಕಥೆ ಮುಗೀತು, ನಿಮ್ಮ ಮಾರ್ಕ್ಸ್ ಎಷ್ಟಿದ್ರೂ ಯಾರೂ ಕೇಳಲ್ಲ. ತಮ್ಮನ ಕಾಲೇಜಲ್ಲಿ ನೋಡಲ್ ಅಧಿಕಾರಿ ಬದಲಾಗಿದ್ರು, ಹೊಸಬರ ಲಾಗಿನ್ ಆಗಿರ್ಲಿಲ್ಲ, ಸ್ಟೇಟಸ್ ವಾರಗಟ್ಟಲೆ ಪೆಂಡಿಂಗ್ ಅಂತಾನೇ ತೋರಿಸ್ತಿತ್ತು. ಅಪ್ಪ ಹೋಗಿ ಆಫೀಸಲ್ಲಿ ಕೂತು, ಪ್ರಿಂಟ್‌ಔಟ್ ತೋರ್ಸಿ, ಸರ್ ಇನ್ನು ನಾಲ್ಕೇ ದಿನ ಇದೆ ಅಂತ ಕೈ ಮುಗಿದ ಮೇಲೆ ಕೆಲಸ ಆಯ್ತು. ಓದೋ ಹುಡುಗನ ಹಣಕ್ಕೆ ಒಬ್ಬ ರೈತ ಕೆಲಸ ಬಿಟ್ಟು ಬಂದು ಹಂಗೆ ನಿಲ್ಬೇಕಾಗಿ ಬಂದಿದ್ದು ನನಗೆ ಇವತ್ತಿಗೂ ಸಂಕಟ.

ಎಸ್‌ಎಸ್‌ಪಿಲಿ ಹಾಗೆ ಗಡುವು ಮೀರಿ ಬಿದ್ದು ಹೋಗೋದು ಕಡಿಮೆ, ದಿನಾಂಕ ಎಷ್ಟೋ ಸಲ ಮುಂದೂಡ್ತಾರೆ. ಆದ್ರೆ ಹಣ ಯಾವಾಗ ಬರತ್ತೆ ಅನ್ನೋದು ಇಲಾಖೆಗೆ ಅನುದಾನ ಬಿಡುಗಡೆ ಆಗೋದ್ರ ಮೇಲೆ ನಿಂತಿರತ್ತೆ. ನನಗೆ ರೈತ ವಿದ್ಯಾನಿಧಿ ಒಂದು ಕಾಲಕ್ಕೆ, ವಿದ್ಯಾಸಿರಿ ಇನ್ನೊಂದು ಕಾಲಕ್ಕೆ ಬಂತು, ರೂಮಿನ ಬಾಡಿಗೆ ಮಾತ್ರ ಪ್ರತಿ ತಿಂಗಳೂ ಕೊಡ್ಲೇಬೇಕಿತ್ತು. ಅದಕ್ಕೆ ಕೇಳೋರಿಗೆಲ್ಲ ಹೇಳ್ತೀನಿ, ಇದ್ರಲ್ಲಿ ಯಾವ್ದನ್ನೂ ಅಡ್ಮಿಷನ್ ಫೀಸಿಗೆ ನಂಬ್ಕೊಂಡು ಕೂರ್ಬೇಡಿ, ಎರಡೂ ಫೀಸ್ ಕಟ್ಟಿ ಎಷ್ಟೋ ಆದ್ಮೇಲೇನೇ ಬರೋದು. ಫೀಸಿಗೇ ಹಣ ಇಲ್ಲ ಅನ್ನೋರು, ಸಿಇಟಿ ಮೂಲಕ ಸೀಟ್ ಸಿಕ್ಕಿದ್ರೆ, ಸರ್ಕಾರಿ ನಿಗಮಗಳು ಓದೋಕೆ ಕೊಡೋ ಅರಿವು ಸಾಲ ವಿಚಾರಿಸಿ. ನಮ್ಮ ಚಿಕ್ಕಪ್ಪನ ಮಗಳು ದೇವರಾಜ ಅರಸು ನಿಗಮದಿಂದ ತಗೊಂಡ್ಲು, ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇಕಡ 2. ಅದು ಸಾಲ, ವಾಪಸ್ ಕಟ್ಬೇಕು, ಆದ್ರೆ ಕೈಸಾಲ ಮಾಡೋದಕ್ಕಿಂತ ಎಷ್ಟೋ ವಾಸಿ.

ರಿನ್ಯೂವಲ್ ಎರಡಕ್ಕೂ ಪ್ರತಿ ವರ್ಷ ಹಾಕ್ಬೇಕು. ಎನ್‌ಎಸ್‌ಪಿಲಿ ಶೇಕಡ 50 ಮಾರ್ಕ್ಸ್ ಮತ್ತೆ 75 ಹಾಜರಿ ಕೇಳ್ತಾರೆ, ಇಂಜಿನಿಯರಿಂಗ್ ಮಕ್ಕಳು ಇದನ್ನ ಹಗುರವಾಗಿ ತಗೊಳ್ಬೇಡಿ.

ಹಾಗಾದ್ರೆ ಯಾವ್ದು? ಊರು ಬಿಟ್ಟು ರೂಮಲ್ಲಿದ್ದು ಓದ್ತಿದ್ದು, ಆದಾಯ ರಾಜ್ಯದ ಮಿತಿ ಒಳಗಿದ್ರೆ ಕಣ್ಮುಚ್ಕೊಂಡು ಎಸ್‌ಎಸ್‌ಪಿ. ಆದಾಯ ಅದನ್ನ ದಾಟಿ ನಾಲ್ಕೂವರೆ ಲಕ್ಷದ ಒಳಗಿದ್ದು ಮಾರ್ಕ್ಸ್ ಚೆನ್ನಾಗಿದ್ರೆ ಎನ್‌ಎಸ್‌ಪಿ, ಕಾಲೇಜಿನ ನೋಡಲ್ ಅಧಿಕಾರಿ ಯಾರು ಅಂತ ಮಾತ್ರ ಮೊದಲೇ ತಿಳ್ಕೊಂಡಿರಿ. ಮನೆಯಿಂದ್ಲೇ ಕಾಲೇಜಿಗೆ ಹೋಗ್ತಾ ಬಿಎ ಬಿಕಾಂ ಓದೋರು ವಿದ್ಯಾಸಿರಿ ಲೆಕ್ಕದಿಂದ ತೆಗೆದು ಕೂಡಿ ನೋಡಿ, ಆಗ 12000 ಸಣ್ಣ ಮೊತ್ತ ಅಲ್ಲ.

ಯಾವ್ದೇ ಹಾಕಿದ್ರೂ ಹಣ ಬರೋದು ನೀವು ಬರೆದ ಅಕೌಂಟಿಗಲ್ಲ, ಆಧಾರಿಗೆ ಕೊನೇಲಿ ಸೀಡ್ ಆಗಿರೋ, ಅಂದ್ರೆ ಜೋಡಣೆ ಆಗಿರೋ ಅಕೌಂಟಿಗೆ. ಸಿಮ್ ತಗೊಳ್ವಾಗ ಯಾರೋ ತೆರೆದುಕೊಟ್ಟ ಪೇಮೆಂಟ್ ಬ್ಯಾಂಕ್ ಅಕೌಂಟಿಗೆ ಸ್ಕಾಲರ್‌ಶಿಪ್ ಹೋಗಿ, ಬಂದೇ ಇಲ್ಲ ಅಂತ ಅಲೆದಾಡಿದೋರು ನನ್ನ ಕ್ಲಾಸಲ್ಲೇ ಇದ್ರು. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರತ್ತೆ, ಒಂದು ಒಟಿಪಿಲಿ ಗೊತ್ತಾಗತ್ತೆ. ರಾಜ್ಯದ ಹಣ ಬಂತಾ ಇಲ್ವಾ ಅಂತ ಡಿಬಿಟಿ ಕರ್ನಾಟಕ ಆ್ಯಪಲ್ಲಿ ನೋಡಬಹುದು. ಸೀಡಿಂಗ್ ಬೇರೆ ಕಡೆ ಇದ್ರೆ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ ಬದಲಾಯಿಸ್ಕೊಳ್ಳಿ, ಆಮೇಲೆ ಫಾರಂ ತೆಗೀರಿ.