ರಿಫ್ರಾಕ್ಟೋಮೀಟರ್ ಕೊಳ್ಳಿ, ಆದರೆ ಸೊನ್ನೆಗೆ ತಂದು ಸುಮ್ಮನಾಗಬೇಡಿ

ಮಂಗಳೂರಿನವರಿಗೆ ಕಡಲು ಹತ್ತಿರ. ಮೈಸೂರಿನಲ್ಲಿ ಸಮುದ್ರದ ಕ್ಲೌನ್ ಮೀನು ಸಾಕುವವರು ಅದನ್ನು ಬಕೆಟ್ಟಿನಲ್ಲೇ ಕಲಸಿಕೊಳ್ಳಬೇಕು: 100 ಲೀಟರ್ ಆರ್‌ಓ ನೀರಿಗೆ ಸುಮಾರು 3.6ರಿಂದ 3.8 ಕೆಜಿ ಮರೀನ್ ಸಾಲ್ಟ್ (ಸಮುದ್ರದ ನೀರು ತಯಾರಿಸುವ ಉಪ್ಪಿನ ಮಿಶ್ರಣ). ಬೋರ್‌ವೆಲ್ ನೀರು ಬೇಡವೇ ಬೇಡ. ಉಪ್ಪು ಎಷ್ಟಾಯಿತೆಂದು ನೋಡಲು ಆನ್‌ಲೈನಿನಲ್ಲಿ ಸಿಗುವ, ಕಣ್ಣಿಗಿಟ್ಟು ನೋಡುವ ರಿಫ್ರಾಕ್ಟೋಮೀಟರ್ ಒಳ್ಳೆಯ ಸಾಧನ; ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಇದು ಉಪ್ಪನ್ನು ಅಳೆಯುತ್ತದೆ.

ನೀರಿನಲ್ಲಿ ತೇಲುವ ಮುಳ್ಳಿನಿಂದ ಉಪ್ಪು ತೋರಿಸುವ ಪ್ಲಾಸ್ಟಿಕ್ ಹೈಡ್ರೋಮೀಟರಿಗಿಂತ ಇದು ಎಷ್ಟೋ ಮೇಲು. ಆ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಹೆಚ್ಚು ತೋರಿಸುತ್ತದೆ, ಉಪ್ಪು ಕಟ್ಟಿದರೆ ಕಡಿಮೆ. ರಿಫ್ರಾಕ್ಟೋಮೀಟರಿಗೆ ಎರಡು ಮೂರು ಹನಿ ಸಾಕು. ಮುಚ್ಚಳದಡಿ ಗುಳ್ಳೆ ಉಳಿಯದಂತೆ ಹಾಕಿ, ಅರ್ಧ ನಿಮಿಷ ಬಿಟ್ಟು ಬೆಳಕಿನತ್ತ ಹಿಡಿದು ನೋಡಿ.

ದೋಷವಿರುವುದು ಜೊತೆಗೆ ಬರುವ ಸೂಚನೆಯಲ್ಲಿ. ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತಿರುಗಿಸಿ ಎಂದಷ್ಟೇ ಹೇಳಿರುತ್ತಾರೆ. ಆದರೆ ಅಗ್ಗದ ಎಷ್ಟೋ ಸಾಧನಗಳ ಅಳತೆಪಟ್ಟಿ ಅಡುಗೆ ಉಪ್ಪಿನ ದ್ರಾವಣದ್ದು, ಸಮುದ್ರದ ನೀರಿನದ್ದಲ್ಲ. ಸೊನ್ನೆ ಸರಿಯಿದ್ದರೂ 35 ಪಿಪಿಟಿ (ಕಿಲೋ ಉಪ್ಪುನೀರಿನಲ್ಲಿ 35 ಗ್ರಾಂ ಉಪ್ಪು) ಇರುವ ನೀರು ಅದರಲ್ಲಿ 36.5 ಎಂದು ಕಾಣುತ್ತದೆ. ಅದನ್ನು ನಂಬಿ ಸಿಹಿನೀರು ಸುರಿದರೆ ನಿಜವಾದ ಉಪ್ಪು 33.5ರ ಆಸುಪಾಸಿಗೆ ಇಳಿಯುತ್ತದೆ. ಕ್ಲೌನ್ ಮೀನು ತಡೆದುಕೊಂಡೀತು, ಅದರ ಜೊತೆಗಿರುವ, ಹೂವಿನಂತೆ ಕಾಣುವ ಕಡಲಜೀವಿ ಅನಿಮೋನ್ ಇಂಥ ಬದಲಾವಣೆಗೆ ಹೆಚ್ಚು ಸೂಕ್ಷ್ಮ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ಹೋಗಿಸಿ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ 36.5 ಗ್ರಾಂ ತೂಗಿ, 963.5 ಗ್ರಾಂ ಡಿಸ್ಟಿಲ್ಡ್ ವಾಟರಿಗೆ ಹಾಕಿ ಪೂರ್ತಿ ಕರಗಿಸಿ. ಬೆಳಕು ಇದರಲ್ಲಿ ಬಾಗುವುದೂ 35 ಪಿಪಿಟಿ ಸಮುದ್ರದ ನೀರಿನಲ್ಲಿ ಬಾಗುವುದೂ ಒಂದೇ ಸಮ. ಮೊದಲು ಸೊನ್ನೆಗೆ ತಂದು, ಆಮೇಲೆ ಈ ದ್ರಾವಣ ಹಾಕಿ. 35 ಎಂದರೆ ಪಟ್ಟಿ ಸಮುದ್ರದ್ದೇ, 36.5 ಎಂದರೆ ಅಡುಗೆ ಉಪ್ಪಿನದು. ಆಗ ತಿರುಪನ್ನು ತಿರುಗಿಸಿ ಗೆರೆಯನ್ನು 35ಕ್ಕೆ ತಂದುಬಿಡಿ. ಇನ್ನು ಮೇಲೆ ಸೊನ್ನೆ ತಪ್ಪಿದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು 35ರ ಸುತ್ತಲಿನ ನಿಖರತೆ.

ಎಟಿಸಿ ಎಂಬ ತಾಪಮಾನ ಸರಿದೂಗಿಸುವ ಸೌಲಭ್ಯ ಸಾಮಾನ್ಯವಾಗಿ 10ರಿಂದ 30 ಡಿಗ್ರಿವರೆಗೆ ಮಾತ್ರ. ಏಪ್ರಿಲ್ ಮಧ್ಯಾಹ್ನ ಮೈಸೂರಿನ ಕೋಣೆಗಳು ಅದನ್ನು ದಾಟುತ್ತವೆ, ಹಾಗಾಗಿ ಬೆಳಿಗ್ಗೆಯೇ ಅಳೆಯಿರಿ. ಬೇಸಿಗೆಯಲ್ಲಿ ನೀರು ತಂಪು ಮಾಡುವ ಚಿಲ್ಲರ್ ಬದಲು ನೀರಿನ ಮೇಲೆ ಫ್ಯಾನ್ ಬಿಡುವವರಿಗಂತೂ ದಿನವೂ ಅಳೆಯುವ ಕೆಲಸ ತಪ್ಪದು. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. 100 ಲೀಟರಿನಲ್ಲಿ 5 ಲೀಟರ್ ಹೋದರೆ 35 ಇದ್ದದ್ದು 36.8 ಆಗುತ್ತದೆ. ತುಂಬಿಸಬೇಕಾದದ್ದು ಬರೀ ಆರ್‌ಓ ನೀರು, ಉಪ್ಪುನೀರಲ್ಲ.

ಅಂಗಡಿಯಿಂದ ತಂದ ಮೀನಿನ ಚೀಲದ ನೀರನ್ನೂ ಇದರಲ್ಲಿ ನೋಡಿ. 28 ಇದ್ದರೆ ಮೀನನ್ನು ನೇರ 35ಕ್ಕೆ ಬಿಡಬೇಡಿ; ಬೇರೆ ತೊಟ್ಟಿಯಲ್ಲಿ ದಿನಕ್ಕೆ ಒಂದೆರಡು ಪಿಪಿಟಿ ಏರಿಸುತ್ತಾ ಬನ್ನಿ. ಪ್ರತಿ ಸಲ ಗಾಜನ್ನು ಆರ್‌ಓ ನೀರಿನಲ್ಲಿ ಒರೆಸಿಡಿ, ಒಣಗಿದ ಉಪ್ಪು ಮುಂದಿನ ಅಳತೆಯನ್ನು ಕೆಡಿಸುತ್ತದೆ.