ಬಂದವರನ್ನು ಹಿಡಿದಿಡಬೇಕಾ, ಬೇಗ ಕಳಿಸಬೇಕಾ? ಎರಡೂ ಮಾಡಿ ನೋಡಿದೆ

ನನ್ನದೊಂದು ಸಣ್ಣ ವೆಬ್‌ಸೈಟ್ ಇದೆ. ಫೋನು, ಕಂಪ್ಯೂಟರಿನ ಸಣ್ಣಪುಟ್ಟ ತೊಂದರೆಗಳಿಗೆ ಪರಿಹಾರ ಬರೆಯುತ್ತೇನೆ. ಬಂದವರು ಪುಟದಲ್ಲಿ ಜಾಸ್ತಿ ಹೊತ್ತು ಇದ್ದಷ್ಟೂ ಗೂಗಲ್ ನಮ್ಮನ್ನು ಮೇಲೆ ಹಾಕುತ್ತದೆ ಅಂತ ಬಹಳ ದಿನ ನಂಬಿದ್ದೆ. ಅದಕ್ಕೇ ಉತ್ತರವನ್ನು ಪುಟದ ಕೊನೆಯಲ್ಲಿ ಬಚ್ಚಿಡುತ್ತಿದ್ದೆ. ಪಿಡಿಎಫ್ ಸೈಜ್ ಕಡಿಮೆ ಮಾಡುವುದು ಹೇಗೆ ಅಂತ ಹುಡುಕಿ ಬಂದವರಿಗೆ ಮೊದಲು ಪಿಡಿಎಫ್ ಎಂದರೇನು, ಅದು ಯಾವಾಗ ಬಂತು ಅಂತೆಲ್ಲ ಓದಿಸುತ್ತಿದ್ದೆ. (1993ರಲ್ಲಿ ಬಂತು. ಅವಸರದಲ್ಲಿ ಇರುವವರಿಗೆ ಅದು ಯಾಕೆ ಬೇಕು ಹೇಳಿ.)

ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ಗೂಗಲ್ ಫಲಿತಾಂಶದ ಮೊದಲ ಪುಟದ ಕೆಳತುದಿಯಲ್ಲಿ ಒದ್ದಾಡುತ್ತಿದ್ದ ಎರಡು ಬರಹ ಆರಿಸಿಕೊಂಡೆ. ಒಂದು ಇದೇ ಪಿಡಿಎಫ್‌ನದ್ದು. ಇನ್ನೊಂದು, ಫೋನಿನ ಸ್ಟೋರೇಜ್ ತುಂಬಿದಾಗ ಏನು ಮಾಡಬೇಕು ಅನ್ನುವುದು.

ಸ್ಟೋರೇಜ್ ಪುಟದಲ್ಲಿ ಹಿಡಿದಿಡುವ ದಾರಿ ಹಿಡಿದೆ. ಉದ್ದನೆಯ ಪೀಠಿಕೆ ಹಾಗೇ ಇಟ್ಟೆ. ಮೇಲೊಂದು ವಿಡಿಯೋ ಹಾಕಿದೆ. ಬರಹವನ್ನು ಮೂರು ತುಂಡು ಮಾಡಿ ‘ಮುಂದೆ’ ಬಟನ್ ಇಟ್ಟೆ. ಪಿಡಿಎಫ್ ಪುಟದಲ್ಲಿ ಪೂರ್ತಿ ಉಲ್ಟಾ. ಪೀಠಿಕೆ ಕಿತ್ತುಹಾಕಿದೆ. ಮೊದಲ ಎರಡು ಸಾಲಿನಲ್ಲೇ ಉತ್ತರ, ಅದರ ಕೆಳಗೆ ಹಂತಗಳು, ಅಷ್ಟೇ.

ಮೂರು ತಿಂಗಳು ಬಿಟ್ಟೆ. ಮೊದಲು, ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ತೆರೆದು ನೋಡಿದರೆ ಸ್ಟೋರೇಜ್ ಪುಟವೇ ಗೆದ್ದಿತ್ತು. ಎಂಗೇಜ್‌ಮೆಂಟ್ ರೇಟ್, ಅಂದರೆ ಜನ ಗಮನ ಕೊಟ್ಟರು ಅಂತ ಲೆಕ್ಕವಾಗುವ ಭೇಟಿಗಳ ಪಾಲು, ಏರಿತ್ತು. ಪಿಡಿಎಫ್ ಪುಟದಲ್ಲಿ ಜನ ಇರುವ ಹೊತ್ತು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಎದೆ ಧಸಕ್ಕೆಂದಿತು. ಆಮೇಲೆ, ಗೂಗಲ್ ಹುಡುಕಾಟದಲ್ಲಿ ನಮ್ಮ ಪುಟ ಎಷ್ಟನೇ ಸ್ಥಾನದಲ್ಲಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ತೆರೆದೆ. ಅಲ್ಲಿ ಕಥೆಯೇ ಬೇರೆ. ಪಿಡಿಎಫ್ ಪುಟ ಮೆಲ್ಲಗೆ ಮೇಲೇರುತ್ತಿತ್ತು. ಸ್ಟೋರೇಜ್ ಪುಟ ಫಲಿತಾಂಶದ ಎರಡನೇ ಪುಟಕ್ಕೆ ಜಾರಿತ್ತು.

ಅನಾಲಿಟಿಕ್ಸ್ ಸುಳ್ಳು ಹೇಳಿರಲಿಲ್ಲ, ನಾನೇ ಅದಕ್ಕೆ ಟೋಪಿ ಹಾಕಿದ್ದೆ. ಅನಾಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4ರಲ್ಲಿ ಒಂದು ಭೇಟಿ 10 ಸೆಕೆಂಡ್ ದಾಟಿದರೂ, ಎರಡು ಪುಟ ನೋಡಿದರೂ ಅದು ‘ಎಂಗೇಜ್ಡ್’ ಲೆಕ್ಕಕ್ಕೆ ಸೇರುತ್ತದೆ. ನನ್ನ ‘ಮುಂದೆ’ ಬಟನ್ ಬೇಡದ ಪುಟಗಳನ್ನು ನೋಡಿಸಿ ಅಂಕ ಗಿಟ್ಟಿಸುತ್ತಿತ್ತು. ಅದೂ ಅಲ್ಲದೆ, ರ‍್ಯಾಂಕಿಂಗ್‌ಗೆ ಅನಾಲಿಟಿಕ್ಸ್ ಮಾಹಿತಿ ಬಳಸುವುದಿಲ್ಲ ಅಂತ ಗೂಗಲ್ ಮೊದಲಿಂದಲೂ ಹೇಳುತ್ತಾ ಬಂದಿದೆ.

ಹಾಗಾದರೆ ಗೂಗಲ್ ನೋಡುವುದು ಏನನ್ನು? ತನ್ನದೇ ಫಲಿತಾಂಶದ ಪಟ್ಟಿಯಲ್ಲಿ ಜನ ಒತ್ತುವ ಕ್ಲಿಕ್ಕುಗಳನ್ನು. 2023ರಲ್ಲಿ ಅಮೆರಿಕದಲ್ಲಿ ನಡೆದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಗೂಗಲ್‌ನ ಪಾಂಡು ನಾಯಕ್ ಸಾಕ್ಷಿ ಹೇಳಿದಾಗ ನ್ಯಾವ್‌ಬೂಸ್ಟ್ ಅನ್ನುವ ವ್ಯವಸ್ಥೆಯ ವಿಷಯ ಹೊರಬಂತು. ಅದು 13 ತಿಂಗಳ ಕ್ಲಿಕ್ಕುಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತದೆ. 2024ರ ಮೇನಲ್ಲಿ ಸೋರಿದ ಗೂಗಲ್ ದಾಖಲೆಗಳಲ್ಲಿ ‘ಗುಡ್ ಕ್ಲಿಕ್ಸ್’, ‘ಬ್ಯಾಡ್ ಕ್ಲಿಕ್ಸ್’, ‘ಲಾಸ್ಟ್ ಲಾಂಗೆಸ್ಟ್ ಕ್ಲಿಕ್ಸ್’ (ಹುಡುಕಾಟದಲ್ಲಿ ಕೊನೆಯದೂ ಹೆಚ್ಚು ಹೊತ್ತಿನದೂ ಆದ ಕ್ಲಿಕ್ಕುಗಳು) ಅನ್ನುವ ಹೆಸರುಗಳೂ ಇದ್ದವು. ಮೈಕ್ರೋಸಾಫ್ಟಿನ ಸರ್ಚ್ ಎಂಜಿನ್ ಬಿಂಗ್ ಇಷ್ಟೆಲ್ಲ ಗುಟ್ಟು ಮಾಡುವುದಿಲ್ಲ. ಜನ ಕ್ಲಿಕ್ ಮಾಡಿದರಾ, ಬೇಗ ವಾಪಸ್ ಬಂದರಾ, ಹುಡುಕುವ ಪದ ಬದಲಿಸಿದರಾ ಅಂತ ನೋಡುತ್ತೇವೆ ಎಂದು ತನ್ನ ಮಾರ್ಗಸೂಚಿಯಲ್ಲೇ ಬರೆದುಕೊಂಡಿದೆ.

ಅಂದರೆ ಒಬ್ಬರು ನನ್ನ ಪುಟಕ್ಕೆ ಬಂದು, ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿ, ಹುಡುಕಾಟವನ್ನೇ ನಿಲ್ಲಿಸಿದರೆ ನಾನು ಗೆದ್ದಂತೆ. ಇನ್ನೊಬ್ಬರು ಎರಡು ನಿಮಿಷ ತಡಕಾಡಿ, ಬೇಸತ್ತು, ವಾಪಸ್ ಹೋಗಿ ಪಕ್ಕದ ಲಿಂಕ್ ಒತ್ತಿದರೆ ಸೋತಂತೆ. ಆದರೆ ನನ್ನ ಸೈಟಿನ ಲೆಕ್ಕದಲ್ಲಿ ಎರಡನೆಯವರೇ ‘ಒಳ್ಳೆಯ’ ಓದುಗರು!

ಇದು ಕಣ್ಣಿಗೆ ಕಂಡಿದ್ದು ಕ್ಲಾರಿಟಿಯಲ್ಲಿ. ಮೈಕ್ರೋಸಾಫ್ಟಿನ ಈ ಸಲಕರಣೆ ಉಚಿತ, ಬಂದವರ ಸ್ಕ್ರೋಲು, ಕ್ಲಿಕ್ಕುಗಳನ್ನು ವಿಡಿಯೋ ಹಾಗೆ ತೋರಿಸುತ್ತದೆ. ಸ್ಟೋರೇಜ್ ಪುಟಕ್ಕೆ ಬಂದ ಒಬ್ಬರು ಪೀಠಿಕೆಯನ್ನು ಒಂದೇ ಏಟಿಗೆ ದಾಟಿದರು. ಕೆಳಗೆ ಹೋದರು, ಮೇಲೆ ಬಂದರು, ಮತ್ತೆ ಕೆಳಗೆ. ‘ಕ್ಲಿಯರ್ ಕ್ಯಾಶ್’ ಬಟನ್ ಎಲ್ಲಿರುತ್ತದೆ ಅಂತ ತೋರಿಸಲು ನಾನೊಂದು ಸ್ಕ್ರೀನ್‌ಶಾಟ್ ಹಾಕಿದ್ದೆ. ಅವರು ಆ ಚಿತ್ರದಲ್ಲಿದ್ದ ಬಟನ್ ಮೇಲೇ ಟಪಟಪ ಅಂತ ಐದು ಸಲ ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹೊರಟೇಹೋದರು. ಪಾಪ, ಇನ್ನೇನು ಮಾಡ್ತಾರೆ? ಈ ಭೇಟಿಯೂ ಎಂಗೇಜ್ಡ್ ಅಂತಲೇ ದಾಖಲಾಗಿತ್ತು.

ಎರಡೇ ಪುಟದ ಆಟ ಇದು, ಒಪ್ಪುತ್ತೇನೆ. ನಾನು ಹಾಕಿದ ವಿಡಿಯೋ ಸ್ಟೋರೇಜ್ ಪುಟವನ್ನು ನಿಧಾನ ಮಾಡಿದ್ದೂ ನಿಜ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ, ನನ್ನದು ಅದನ್ನು ದಾಟಿತ್ತು. ಹಾಗಾಗಿ ತಪ್ಪನ್ನೆಲ್ಲ ‘ಮುಂದೆ’ ಬಟನ್ ತಲೆಗೆ ಕಟ್ಟುವುದಿಲ್ಲ.

ಶೀರ್ಷಿಕೆಯಲ್ಲೂ ಹೀಗೇ ಎರಡು ದಾರಿ ನೋಡಿದೆ. ಇನ್ನೊಂದು ಬರಹಕ್ಕೆ ‘ಈ ಗುಟ್ಟು ಯಾರೂ ಹೇಳಲ್ಲ’ ಅನ್ನುವ ಧಾಟಿಯ ತಲೆಬರಹ ಕೊಟ್ಟೆ. ಕೆಲವು ದಿನ ಕ್ಲಿಕ್ ಜಾಸ್ತಿಯಾಯಿತು, ಆಮೇಲೆ ಸ್ಥಾನ ಇಳಿಯಿತು. ಕೊನೆಗೆ ಗೂಗಲ್ಲೇ ಅದನ್ನು ಬಿಟ್ಟು ಪುಟದೊಳಗಿನ ಸಪ್ಪೆ ಹೆಡಿಂಗ್ ತೋರಿಸತೊಡಗಿತು. ಅದೇ ವಾಸಿ ಇತ್ತು ಅನ್ನಿ. ಒಳಗೆ ಏನಿದೆಯೋ ಅದನ್ನೇ ಹೇಳುವ ತಲೆಬರಹಕ್ಕೆ ಕ್ಲಿಕ್ ಸ್ವಲ್ಪ ಕಡಿಮೆ ಬರಬಹುದು, ಆದರೆ ಬಂದವರು ತಪ್ಪು ಮನೆಗೆ ಬಂದೆವು ಅಂದುಕೊಳ್ಳುವುದಿಲ್ಲ.

ಮೂರನೇ ದಾರಿಯೂ ಒಂದಿದೆ, ದುಡ್ಡು ಕೊಟ್ಟು ಕ್ಲಿಕ್ ಕೊಳ್ಳುವುದು. ನನಗೂ ಹಾಗೊಂದು ಇಮೇಲ್ ಬಂದಿತ್ತು. ಮುಟ್ಟಲಿಲ್ಲ. ಓದುಗರ ನಡವಳಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಬಹಿರಂಗವಾಗಿ ಹೇಳುವ ರಷ್ಯಾದ ಸರ್ಚ್ ಎಂಜಿನ್ ಯಾಂಡೆಕ್ಸ್ ಇಂಥ ನಕಲಿ ಕ್ಲಿಕ್ಕಿಗೆ ದಂಡನೆಯನ್ನೂ ಹಾಕುತ್ತದೆ. ಹಾಳಾದ ಪುಟವನ್ನು ನಾನೇ ಸರಿಮಾಡಿಕೊಳ್ಳಬಲ್ಲೆ, ದಂಡನೆ ಬಿದ್ದ ಸೈಟನ್ನು ಎತ್ತಿ ನಿಲ್ಲಿಸುವುದು ಯಾರಿಗೆ ಬೇಕು?

ಸ್ಟೋರೇಜ್ ಪುಟವನ್ನೂ ಈಗ ಪಿಡಿಎಫ್ ಪುಟದ ಹಾಗೇ ಮಾಡಿದ್ದೇನೆ. ವಿಡಿಯೋ ಕೆಳಕ್ಕೆ ಹೋಯಿತು. ಸ್ಕ್ರೀನ್‌ಶಾಟಿನ ಮೇಲೆ ‘ಇದು ಚಿತ್ರ ಮಾತ್ರ, ನಿಮ್ಮ ಸೆಟ್ಟಿಂಗ್ಸ್‌ಗೆ ಹೋಗಿ’ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ‘ಮುಂದೆ’ ಬಟನ್ ತೆಗೆದ ವಾರವೇ ಅನಾಲಿಟಿಕ್ಸ್‌ನ ಗೆರೆ ಧೊಪ್ಪನೆ ಬಿತ್ತು. ಈ ಸಲ ಸುಮ್ನೆ ನಕ್ಕು ಟ್ಯಾಬ್ ಮುಚ್ಚಿದೆ. ಸ್ಟೋರೇಜ್ ಬರಹ ಮಾತ್ರ ಗೂಗಲ್‌ನಲ್ಲಿ ಇನ್ನೂ ಎರಡನೇ ಪುಟದಲ್ಲೇ ಕೂತಿದೆ.