ಉಯುನಿ ಉಪ್ಪಿನ ಬಯಲು: ಸಾನ್ ಪೆದ್ರೊದಿಂದಲೋ, ತುಪೀಸಾದಿಂದಲೋ?

ಬೊಲಿವಿಯಾದ ಉಯುನಿಗೆ ಹೊರಟವರೆಲ್ಲ ಮೊದಲು ಕೇಳುವುದು ಯಾವ ಏಜೆನ್ಸಿ ಒಳ್ಳೆಯದು ಅಂತ. ಅದಕ್ಕಿಂತ ಮೊದಲು ಯಾವ ಊರಿಂದ ಹೊರಡುವುದು ಅಂತ ತೀರ್ಮಾನಿಸಿಕೊಳ್ಳಿ. ನಾನು ಎರಡು ದಾರಿ ನೋಡಿದ್ದೇನೆ: ಚಿಲಿಯ ಸಾನ್ ಪೆದ್ರೊ ದೆ ಅಟಕಾಮದಿಂದ ಮೂರು ದಿನದ ಜೀಪು ಪ್ರವಾಸ, ದಕ್ಷಿಣ ಬೊಲಿವಿಯಾದ ತುಪೀಸಾದಿಂದ ನಾಲ್ಕು ದಿನದ್ದು. ಎರಡೂ ಮುಗಿಯುವುದು ಬಯಲಿನ ಪಕ್ಕದ ಉಯುನಿ ಊರಿನಲ್ಲೇ. ಎರಡರಲ್ಲೂ ಅದೇ ಹಳೇ ಲ್ಯಾಂಡ್ ಕ್ರೂಸರ್, ಅದೇ ದೂಳು.

ದೊಡ್ಡ ವ್ಯತ್ಯಾಸ ಎತ್ತರದ್ದು. ಸಾನ್ ಪೆದ್ರೊ ಇರುವುದು ಸುಮಾರು 2,400 ಮೀಟರಿನಲ್ಲಿ. ಬೆಳಿಗ್ಗೆ ವ್ಯಾನು ಹತ್ತಿದರೆ ತಿಂಡಿಯ ಹೊತ್ತಿಗೆ 4,400 ಮೀಟರು ದಾಟಿದ ಗಡಿಯಲ್ಲಿರುತ್ತೀರಿ. ಲಿಕಾಂಕಬುರ್ ಜ್ವಾಲಾಮುಖಿಯ ಬುಡದ ಹಸಿರು ಕೆರೆ ಲಗೂನಾ ವೆರ್ದೆ, ಪೋಲ್ಕೆಸ್‌ನ ಬಿಸಿನೀರಿನ ಕೊಳ, ಕೆಸರು ಕುದಿಯುವ ಸೋಲ್ ದೆ ಮನ್ಯಾನ ಎಲ್ಲ ಮೊದಲ ದಿನವೇ. ಆ ಕೊನೆಯದು 4,800 ಮೀಟರಿಗೂ ಮೇಲೆ. ರಾತ್ರಿ ಮಲಗಿದ್ದು ಲಗೂನಾ ಕೊಲೊರಾದಾ ಹತ್ತಿರ, ಅದೂ 4,200ರ ಮೇಲೆಯೇ. ಪಾಚಿಯಿಂದ ಕೆಂಪಾದ ಆ ನೀರು, ಅದರಲ್ಲಿ ನಿಂತ ಫ್ಲೆಮಿಂಗೊಗಳು ಇಡೀ ಪ್ರವಾಸದ ಅತ್ಯುತ್ತಮ ನೋಟ. ನಾನು ನೋಡಿದ್ದು ಮಾತ್ರ ಎತ್ತರಕ್ಕೆ ಮೈ ಒಗ್ಗದೆ ಸಿಡಿಯುವ ತಲೆ ಹಿಡಿದುಕೊಂಡು.

ತುಪೀಸಾ ದಾರಿಯಲ್ಲೂ ಮೊದಲ ರಾತ್ರಿ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಆದರೆ ಹೊರಡುವುದೇ 2,950 ಮೀಟರಿನಿಂದ, ಏರುವುದಕ್ಕೆ ಇಡೀ ದಿನ ಸಿಗುತ್ತದೆ. ಕೆಂಪು ಬಂಡೆಗಳ ಕಣಿವೆ, ಲಾಮಾ ಹಿಂಡು, ಮಣ್ಣಿನ ಇಟ್ಟಿಗೆಯ ಹಳ್ಳಿ ನೋಡುತ್ತಾ ಹೋಗುವಷ್ಟರಲ್ಲಿ ಮೈ ಸ್ವಲ್ಪವಾದರೂ ಒಗ್ಗಿರುತ್ತದೆ. ಮೊದಲ ದಿನ ಬೇರೆ ಜೀಪುಗಳು ಕಾಣಿಸಿದ್ದೇ ಅಪರೂಪ. ಸಾನ್ ಪೆದ್ರೊ ಕಡೆ ಪ್ರತಿ ಕೆರೆಯ ದಡದಲ್ಲೂ ಫೋಟೊಗೆ ಸರದಿ.

ಊಟದಲ್ಲೂ ತುಪೀಸಾಗೇ ನನ್ನ ಓಟು. ಅಲ್ಲಿಂದ ಹೊರಟಾಗ ಅಡುಗೆಯಾಕೆ ಜೊತೆಗೇ ಬಂದಿದ್ದರು. ಮಾಂಸ ತಿನ್ನಲ್ಲ ಅಂದಿದ್ದಕ್ಕೆ ಕಿನ್ವಾ ಸೂಪು, ಆಲೂಗಡ್ಡೆ, ಮೊಟ್ಟೆ ಅಂತ ದಿನಕ್ಕೊಂದು ಬಗೆ. ಇನ್ನೊಂದರಲ್ಲಿ ಸಸ್ಯಾಹಾರ ಎಂದರೆ ಎಲ್ಲರ ತಟ್ಟೆಯಿಂದ ಸಾಸೇಜು ತೆಗೆದದ್ದು, ಅಷ್ಟೆ! ಚಳಿ ಎರಡೂ ಕಡೆ ಒಂದೇ.

ಉಪ್ಪಿನ ಬಯಲು ಎರಡರಲ್ಲೂ ಕೊನೆಯ ದಿನ ಬರುತ್ತದೆ, ಅದೇ ಸರಿ. ಕತ್ತಲಲ್ಲೇ ಹೊರಟು, ಬಯಲಿನ ನಡುವಿನ ಇನ್ಕಾವಾಸಿ ದಿಬ್ಬದ ಆಳೆತ್ತರ ಮೀರಿದ ಕಳ್ಳಿಗಳ ನಡುವೆ ಸೂರ್ಯೋದಯ ನೋಡಿದ ಮೇಲೆ ಕೆರೆಗಳಿಗೆ ಹೋಗಿದ್ದರೆ ಅವು ಸಪ್ಪೆ ಎನಿಸುತ್ತಿದ್ದವೋ ಏನೋ. ಉಯುನಿಯಿಂದಲೇ ಹೊರಟರೆ ಆಗುವುದು ಹಾಗೆ. ಆದರೆ ಮೊದಲ ದಿನ 3,650 ಮೀಟರಿನಲ್ಲೇ ಕಳೆಯುವುದರಿಂದ ಎತ್ತರಕ್ಕೆ ಹೆದರುವವರಿಗೆ ಅದೇ ಹಿತ. ಇನ್ನು ನೀರು ನಿಂತ ಕನ್ನಡಿಯಂಥ ಬಯಲಷ್ಟೇ ಬೇಕು ಅನ್ನುವವರು ಜನವರಿಯಿಂದ ಮಾರ್ಚ್ ನಡುವೆ ಉಯುನಿಯಿಂದ ಒಂದು ದಿನ ಹೋಗಿ ಬಂದರೆ ಸಾಕು. ಆಗ ಇನ್ಕಾವಾಸಿಗೆ ಗಾಡಿ ಹೋಗದೆಯೂ ಇರಬಹುದು.

ಒಂದು ದಿನ ಹೆಚ್ಚಾದ್ದರಿಂದ ತುಪೀಸಾ ಪ್ರವಾಸಕ್ಕೆ ದುಡ್ಡೂ ಹೆಚ್ಚು. ಎರಡರಲ್ಲೂ ಕೆರೆಗಳಿರುವ ವನ್ಯಜೀವಿ ಮೀಸಲು ಪ್ರದೇಶದ ಪ್ರವೇಶ ಶುಲ್ಕ ಪ್ಯಾಕೇಜಿನ ಹೊರಗಿತ್ತು, ಬೊಲಿವಿಯಾನೊ ನೋಟು ಇಟ್ಟುಕೊಂಡಿರಿ. ಅರ್ಜೆಂಟೀನಾ ಕಡೆಯಿಂದ ವಿಯಾಸೋನ್ ಗಡಿ ದಾಟಿ ಬರುವವರಿಗೆ ತುಪೀಸಾ ದಾರಿಯಲ್ಲೇ ಸಿಗುತ್ತದೆ, ಯೋಚನೆಯೇ ಬೇಡ. ಚಿಲಿಯಲ್ಲಿದ್ದವರು ಅದಕ್ಕಾಗಿ ಸುತ್ತಿಕೊಂಡು ಹೋಗುವುದು ಬೇಕಿಲ್ಲ. ಸಾನ್ ಪೆದ್ರೊದಲ್ಲಿ ಒಂದೆರಡು ರಾತ್ರಿ ಹೆಚ್ಚಿಗೆ ಉಳಿದು, 4,300 ಮೀಟರಿನ ಎಲ್ ತಾತಿಯೊ ಬಿಸಿನೀರ ಬುಗ್ಗೆಗಳಿಗೆ ಹೋಗಿ ಬಂದು, ಆಮೇಲೆ ಜೀಪು ಹತ್ತಲಿ.